ಆಂಪ್ಲಿಫೈಯರ್ ಬದಲಿಸುವ ಮುನ್ನ ಮೀಟರ್ ಹಿಡಿದು ನೋಡಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ಶ್ರೀನಿವಾಸಪುರದ ಓದುಗರೊಬ್ಬರು ತಮ್ಮ ವಾಹನದ ಆಂಪ್ಲಿಫೈಯರ್ (ಸ್ಟೀರಿಯೊದ ಸದ್ದನ್ನು ಹೆಚ್ಚಿಸಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ) ಬಗ್ಗೆ ತೋಡಿಕೊಂಡಿದ್ದ ಅಳಲನ್ನು ಓದಿದೆ. ಹಾಡು ಇದ್ದಕ್ಕಿದ್ದಂತೆ ನಿಂತಿತು, ಆಂಪ್ಲಿಫೈಯರಿನ ದೀಪ ಹೊತ್ತಲಿಲ್ಲ, ಅಂಗಡಿಗೆ ಒಯ್ದರೆ ‘ಬೋರ್ಡ್ ಹೋಗಿದೆ, ಹೊಸದು ಹಾಕಿಸಿಬಿಡಿ’ ಎಂದರು, ಹಾಕಿಸಿದ್ದೂ ಆಯಿತು, ಕೆಲವೇ ವಾರಗಳಲ್ಲಿ ಹೊಸದೂ ಹಾಗೆಯೇ ಸುಮ್ಮನಾಯಿತು ಎಂಬುದು ಅವರ ಪತ್ರದ ಸಾರಾಂಶ. ಕಂಪನಿಗಳು ಕಳಪೆ ಮಾಲು ಮಾರುತ್ತಿವೆ ಎಂದು ಅವರು ತೀರ್ಮಾನಿಸಿದ್ದಾರೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದ ನನಗೆ ಈ ತೀರ್ಮಾನ ಒಪ್ಪಿಗೆಯಾಗಲಿಲ್ಲ. ಒಂದೇ ವಾಹನದಲ್ಲಿ ಎರಡು ಆಂಪ್ಲಿಫೈಯರ್‌ಗಳು ಒಂದೇ ರೀತಿ ನಿಂತುಹೋದರೆ ಮೊದಲು ಅನುಮಾನಿಸಬೇಕಾದದ್ದು ವಾಹನದ ವೈರಿಂಗನ್ನು. ಮೊದಲನೆಯದು ಕೆಟ್ಟೇ ಇರಲಿಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು.

ಇದನ್ನು ಪತ್ರಿಕೆಯ ಮೂಲಕವೇ ಹೇಳಬೇಕೆನಿಸಿದ್ದಕ್ಕೆ ಕಾರಣವಿದೆ. ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಟೊಮೆಟೊ ಹೊತ್ತು ರಾತ್ರಿಯಿಡೀ ಚೆನ್ನೈ ಕಡೆಗೋ ಹೈದರಾಬಾದ್ ಕಡೆಗೋ ಓಡುವ ಪಿಕಪ್ ಚಾಲಕರಿಗೆ ಹಾಡೆಂಬುದು ಬರೀ ಶೋಕಿಯಲ್ಲ, ಕಣ್ಣು ಮುಚ್ಚದಂತೆ ನೋಡಿಕೊಳ್ಳುವ ಜೊತೆಗಾರ. ಬಾಡಿಗೆ ಸಿಕ್ಕಿದ ದಿನ ಉಳಿಸಿ, ಸಿಗದ ದಿನ ಸಾಲ ಮಾಡಿ ಹಾಕಿಸಿಕೊಂಡ ಸಾಮಾನನ್ನು ಒಂದೂ ಅಳತೆ ನೋಡದೆ ‘ಸತ್ತಿದೆ’ ಎಂದು ಬಿಚ್ಚಿ ಮೂಲೆಗೆ ಎಸೆಯುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಬೇರೂರಿದೆ. (ಊರೆಲ್ಲ ನಡುಗುವಂತೆ ಹಾಡು ಹಾಕಿಕೊಂಡು ಬಡಾವಣೆಗಳಲ್ಲಿ ಸುತ್ತುವವರ ಪರವಾಗಿ ನಾನು ಬರೆಯುತ್ತಿಲ್ಲ, ಅವರ ಆಂಪ್ಲಿಫೈಯರ್ ಹೊತ್ತದಿದ್ದರೆ ನನಗೇನೂ ಬೇಸರವಿಲ್ಲ.)

ವಾಹನದ ಆಂಪ್ಲಿಫೈಯರ್ ಚಾಲೂ ಆಗಿ ದೀಪ ಹೊತ್ತಲು ಮೂರೇ ಮೂರು ಸಂಪರ್ಕಗಳು ಸಾಕು. ಬ್ಯಾಟರಿಯ ಪ್ಲಸ್‌ನಿಂದ ನೇರವಾಗಿ ಬರುವ ದಪ್ಪ ಕೆಂಪು ವೈರ್ ಒಂದು. ವಾಹನದ ಬಾಡಿಗೆ, ಅಂದರೆ ಲೋಹದ ಮೈಗೆ, ಕಟ್ಟಿರುವ, ಅಷ್ಟೇ ದಪ್ಪನಾದ ಕಪ್ಪು ವೈರ್ ಇನ್ನೊಂದು. ಸ್ಟೀರಿಯೊ ಹಾಕಿದೊಡನೆ ‘ಏಳು’ ಎಂದು ಆಂಪ್ಲಿಫೈಯರಿಗೆ ಸೂಚನೆ ಕೊಡುವ ತೆಳ್ಳನೆಯ ನೀಲಿ ವೈರ್ ಮೂರನೆಯದು. ಇದಕ್ಕೆ ರಿಮೋಟ್ ವೈರ್ ಎನ್ನುತ್ತಾರೆ. ಕೈಯಲ್ಲಿ ಹಿಡಿಯುವ ರಿಮೋಟಿಗೂ ಇದಕ್ಕೂ ಸಂಬಂಧವಿಲ್ಲ. ಸ್ಪೀಕರ್ ವೈರ್, ಸ್ಟೀರಿಯೊದಿಂದ ಹಾಡನ್ನು ತರುವ ಆರ್‌ಸಿಎ ವೈರ್ ಇವೆಲ್ಲ ಹಾಡು ಕೇಳಲು ಬೇಕಾದವು, ದೀಪ ಹೊತ್ತಲು ಬೇಕಾದವಲ್ಲ. ಆದ್ದರಿಂದ ದೀಪವೇ ಹೊತ್ತದ ಆಂಪ್ಲಿಫೈಯರಿನ ಮುಂದೆ ಕೂತು ಸ್ಪೀಕರ್ ಬಿಚ್ಚುವುದು, ಪೆನ್‌ಡ್ರೈವ್ ಬದಲಿಸುವುದು ವ್ಯರ್ಥ ಕೆಲಸ. ಸಾಧಾರಣ ಡಿಜಿಟಲ್ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಸ್ಟೀರಿಯೊ ಚಾಲೂ ಮಾಡಿ, ಕಪ್ಪು ಪ್ರೋಬನ್ನು ಆಂಪ್ಲಿಫೈಯರಿನ ಅರ್ತ್ (ಕಪ್ಪು ವೈರಿನ) ಟರ್ಮಿನಲ್ ಮೇಲೂ ಕೆಂಪು ಪ್ರೋಬನ್ನು ಮೊದಲು ಬ್ಯಾಟರಿ ವೈರಿನ ಟರ್ಮಿನಲ್ ಮೇಲೂ ಆಮೇಲೆ ರಿಮೋಟ್ ಟರ್ಮಿನಲ್ ಮೇಲೂ ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎಂಜಿನ್ ನಿಂತಿರುವಾಗ ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರ ಆಸುಪಾಸಿನಲ್ಲಿರುತ್ತದೆ. ರಿಮೋಟ್ ಟರ್ಮಿನಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಬರಬೇಕು.

ಕೆಂಪು ವೈರಿನಲ್ಲಿ ಏನೂ ಬರದಿದ್ದರೆ ಫ್ಯೂಸ್ ನೋಡಬೇಕು. ಬ್ಯಾಟರಿಯ ಹತ್ತಿರ ಒಂದು, ಆಂಪ್ಲಿಫೈಯರಿನ ಮೈಮೇಲೆ ಒಂದು ಅಥವಾ ಎರಡು ಫ್ಯೂಸ್‌ಗಳಿರುತ್ತವೆ. ಬೆಳಕಿಗೆ ಹಿಡಿದು ‘ಸರಿಯಿದೆ’ ಎನ್ನುವುದು ಸಾಲದು. ಒಳಗಿನ ತಂತಿ ಕಾಲಿನ ಬಳಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಆಂಪ್ಲಿಫೈಯರಿನ ಮೈಮೇಲಿನ ಫ್ಯೂಸನ್ನು ಕಿತ್ತು ಮೀಟರಿನ ಬೀಪ್ ಸದ್ದಿನಿಂದ ಪರೀಕ್ಷಿಸಬಹುದು. ಬ್ಯಾಟರಿ ಬಳಿಯ ಫ್ಯೂಸಿಗಾದರೆ ಕಪ್ಪು ಪ್ರೋಬನ್ನು ಬ್ಯಾಟರಿಯ ಮೈನಸ್ ಮೇಲಿಟ್ಟು, ಕೆಂಪು ಪ್ರೋಬನ್ನು ಫ್ಯೂಸಿನ ಎರಡೂ ಬದಿಗೆ ಒಂದಾದ ಮೇಲೊಂದರಂತೆ ಮುಟ್ಟಿಸಿ ವೋಲ್ಟ್ ನೋಡಬೇಕು. ಬ್ಯಾಟರಿ ಬದಿಯಲ್ಲಿ 12.5 ಇದ್ದು ಆಚೆ ಬದಿಯಲ್ಲಿ ಸೊನ್ನೆ ಇದ್ದರೆ ವಿಷಯ ಮುಗಿಯಿತು. ಎಂಜಿನ್ನಿನ ಬಿಸಿಗೆ ಫ್ಯೂಸ್ ಹೋಲ್ಡರಿನ ಪ್ಲಾಸ್ಟಿಕ್ ಕರಗಿ, ಫ್ಯೂಸ್ ಸರಿಯಿದ್ದರೂ ಕಚ್ಚಿಕೊಳ್ಳದಿರುವುದನ್ನೂ ಕಂಡಿದ್ದೇನೆ.

ಇಲ್ಲೇ ಒಂದು ಮಾತನ್ನು ಕಟುವಾಗಿ ಹೇಳಬೇಕಾಗಿದೆ. ಹೋದ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು, 30 ಆಂಪಿಯರಿನ ಹಸಿರು ಫ್ಯೂಸ್ ಇರಬೇಕಾದಲ್ಲಿ ‘ಪದೇಪದೇ ಹೋಗುತ್ತೆ’ ಎಂದು ಅದರ ಎರಡರಷ್ಟನ್ನು ತುರುಕುವುದು, ಇವೆಲ್ಲ ವಾಹನಕ್ಕೆ ಬೆಂಕಿ ಇಡುವ ಕೆಲಸಗಳು. ಬ್ಯಾಟರಿ ಬಳಿಯ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಪಾಡಲು ಅಲ್ಲ, ವೈರನ್ನು ಕಾಪಾಡಲು. ಅದಕ್ಕೇ ಅದು ಬ್ಯಾಟರಿಯಿಂದ ಸುಮಾರು ಒಂದೂವರೆ ಅಡಿಯೊಳಗೆ ಇರಬೇಕು. ಸೀಟಿನ ಕೆಳಗೆ ಆಂಪ್ಲಿಫೈಯರಿನ ಪಕ್ಕದಲ್ಲಿ ಮಾತ್ರ ಫ್ಯೂಸ್ ಇಟ್ಟರೆ, ಬಾನೆಟ್ಟಿನಿಂದ ಸೀಟಿನವರೆಗಿನ ವೈರ್ ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಬಾಡಿಗೆ ತಗುಲಿದಾಗ ಅದನ್ನು ತಡೆಯುವವರು ಯಾರೂ ಇರುವುದಿಲ್ಲ.

ಇನ್ನು ಕಪ್ಪು ವೈರ್. ನನ್ನ ಅನುಭವದಲ್ಲಿ ‘ಸತ್ತ’ ಎಂದು ಘೋಷಿಸಲ್ಪಟ್ಟ ಆಂಪ್ಲಿಫೈಯರ್‌ಗಳಲ್ಲಿ ಬಹುಪಾಲು ಇಲ್ಲೇ ಬದುಕಿಕೊಳ್ಳುತ್ತವೆ. ಕಳೆದ ಬೇಸಿಗೆಯಲ್ಲಿ ಎಪಿಎಂಸಿ ಯಾರ್ಡಿನ ಹೊರಗೆ ನಿಂತಿದ್ದ ಪಿಕಪ್ ಒಂದರಲ್ಲಿ ಇದೇ ದೂರು. ಚಾಲಕ ಮಾಲೂರು ಕಡೆಯ ಹುಡುಗ. ಅಂಗಡಿಯವರು ಹೊಸ ಆಂಪ್ಲಿಫೈಯರಿಗೆ ಮುಂಗಡವನ್ನೂ ಕೇಳಿದ್ದರಂತೆ. ಸೀಟು ಎತ್ತಿ ನೋಡಿದರೆ ಆಂಪ್ಲಿಫೈಯರಿನ ಮೇಲೆ ಕೆಮ್ಮಣ್ಣಿನ ದೂಳು ಒಂದು ಪದರ, ಕಪ್ಪು ವೈರಿನ ಲಗ್ಗನ್ನು (ತುದಿಗೆ ಒತ್ತಿದ ಲೋಹದ ಬಳೆಯನ್ನು) ಸೀಟಿನ ಬೋಲ್ಟಿನಡಿ ಬಣ್ಣದ ಮೇಲೆಯೇ ಒತ್ತಿ ಬಿಗಿದಿದ್ದರು, ಟ್ರೇ ತೊಳೆದ ನೀರು ಒಳಗಿಳಿದು ವಾಷರಿನ ಸುತ್ತ ಕಂದು ತುಕ್ಕು ಉಂಗುರ ಕಟ್ಟಿತ್ತು. ಮೀಟರ್ ಇಟ್ಟರೆ 12.4 ವೋಲ್ಟ್. ‘ನೋಡಿ ಸಾರ್, ಕರೆಂಟ್ ಚೆನ್ನಾಗಿಯೇ ಬರ್ತಾ ಇದೆ, ಆಂಪೇ ಹೋಗಿರೋದು’ ಎಂದ ಹುಡುಗ. ಅಂಗಡಿಯವರೂ ಇಷ್ಟನ್ನೇ ನೋಡಿ ಕೈಬಿಟ್ಟಿರಬಹುದು.

ಮೀಟರ್ ಮೋಸ ಮಾಡುವುದು ಇಲ್ಲಿಯೇ. ಡಿಜಿಟಲ್ ಮೀಟರ್ ತನಗಾಗಿ ಎಳೆದುಕೊಳ್ಳುವ ವಿದ್ಯುತ್ ಲೆಕ್ಕಕ್ಕೇ ಬರದಷ್ಟು ಕಡಿಮೆ; ತುಕ್ಕಿನ ಮೂಲಕ ಒಂದಿಷ್ಟು ನುಸುಳಿ ಬಂದರೂ ಅದಕ್ಕೆ ಸಾಕು, ಪೂರ್ತಿ 12 ವೋಲ್ಟ್ ತೋರಿಸಿಬಿಡುತ್ತದೆ. ಆಂಪ್ಲಿಫೈಯರಿಗೆ ಅಷ್ಟು ಸಾಲದು. ಆದ್ದರಿಂದ ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಬಲ್ಬೊಂದಕ್ಕೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಬೇಕು. ಅದು ಸುಮಾರು 1.75 ಆಂಪಿಯರ್ ಕೇಳುತ್ತದೆ, ಅಂದರೆ ದಾರಿ ಸರಿಯಿದೆಯೇ ಎಂದು ನಿಜವಾಗಿ ತಟ್ಟಿ ನೋಡುತ್ತದೆ. ಆ ಪಿಕಪ್ಪಿನಲ್ಲಿ ಆಂಪ್ಲಿಫೈಯರಿನ ಪ್ಲಸ್ ಮತ್ತು ಅರ್ತ್ ಟರ್ಮಿನಲ್‌ಗಳ ನಡುವೆ ಬಲ್ಬ್ ಹಿಡಿದಾಗ ಒಳಗಿನ ತಂತಿ ಕೆಂಪಗೂ ಆಗಲಿಲ್ಲ. ಬಲ್ಬನ್ನು ಹಾಗೇ ಹಿಡಿದು ಮೀಟರ್ ನೋಡಿದರೆ 12.4 ಇದ್ದದ್ದು ಒಂದು ವೋಲ್ಟಿಗೂ ಕೆಳಗೆ ಕುಸಿದಿತ್ತು. ಬಲ್ಬಿನ ಅರ್ತ್ ತುದಿಯನ್ನು ಬೇರೆಡೆ ಕೆರೆದ ತಗಡಿಗೆ ಮುಟ್ಟಿಸಿದೊಡನೆ ಪೂರ್ತಿ ಬೆಳಗಿತು. ಕೆಂಪು ವೈರ್ ನಿರ್ದೋಷಿ, ಕಪ್ಪು ವೈರಿನ ಬೋಲ್ಟೇ ಅಪರಾಧಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ, ಎಮರಿ ಪೇಪರಿನಿಂದ ತಗಡು ಹೊಳೆಯುವವರೆಗೆ ಬಣ್ಣ ಕೆರೆದು, ಹೊಸ ಲಗ್ ಒತ್ತಿ, ಬೇರೆ ಬೋಲ್ಟಿನಲ್ಲಿ ಬಿಗಿದು, ಮೇಲೆ ಗ್ರೀಸ್ ಬಳಿದ ಮೇಲೆ ಹಳೆಯ ಆಂಪ್ಲಿಫೈಯರೇ ಹಾಡಿತು.

ಶ್ರೀನಿವಾಸಪುರದ ಓದುಗರ ಹೊಸ ಆಂಪ್ಲಿಫೈಯರ್ ಕೆಲವು ವಾರ ಏಕೆ ನಡೆಯಿತು ಎಂಬುದಕ್ಕೂ ಇದರಲ್ಲೇ ವಿವರಣೆಯಿದೆ ಎಂದು ನನ್ನ ಊಹೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುವಾಗ ಲಗ್ ಅಲುಗಾಡಿ ತುಕ್ಕು ಒಂದಿಷ್ಟು ಉಜ್ಜಿಹೋಗಿರುತ್ತದೆ, ತಾತ್ಕಾಲಿಕವಾಗಿ ಸಂಪರ್ಕ ಸಿಕ್ಕಿರುತ್ತದೆ. ದಾರಿಯ ಕುಲುಕಾಟಕ್ಕೂ ತೇವಕ್ಕೂ ಅದು ಮತ್ತೆ ಕೈಕೊಟ್ಟಿದೆ.

ಇಷ್ಟು ಸಣ್ಣ ದೋಷ ಇಷ್ಟು ದೊಡ್ಡ ಪರಿಣಾಮ ಮಾಡುವುದೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರ್ ಆಚೆಗೆ ವಿದ್ಯುತ್ ತಂದರಲ್ಲ, ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸಿಯೇ ಕಳಿಸಿದರು. ವೋಲ್ಟ್ ಹೆಚ್ಚಿದ್ದರೆ ಅದೇ ಶಕ್ತಿಗೆ ಆಂಪಿಯರ್ ಕಡಿಮೆ ಸಾಕು, ಆಂಪಿಯರ್ ಕಡಿಮೆಯಾದಷ್ಟೂ ತಂತಿಯಲ್ಲಿ ನಷ್ಟ ಕಡಿಮೆ. ವಾಹನದಲ್ಲಿ ಇದು ತಲೆಕೆಳಗು. ಇರುವುದೇ 12 ವೋಲ್ಟ್, ಆದ್ದರಿಂದ 500 ವ್ಯಾಟಿನ ಆಂಪ್ಲಿಫೈಯರ್ ಜೋರಾಗಿ ಬಾರಿಸುವಾಗ 40-50 ಆಂಪಿಯರ್ ಕೇಳುವುದು ಸಹಜ. ಅರ್ತ್ ಬೋಲ್ಟಿನಡಿ ಒಂದು ಓಮಿನ ಹತ್ತನೇ ಒಂದು ಭಾಗದಷ್ಟೇ ತಡೆ ಇದೆ ಎಂದುಕೊಳ್ಳೋಣ. 40 ಆಂಪಿಯರ್ ಹರಿದರೆ ಅಲ್ಲೇ 4 ವೋಲ್ಟ್ ಕರಗಿಹೋಗುತ್ತದೆ; ಆಂಪ್ಲಿಫೈಯರಿಗೆ ಸಿಗುವುದು ಸುಮಾರು ಎಂಟು. ಬಹುತೇಕ ಆಂಪ್ಲಿಫೈಯರ್‌ಗಳು ಅಷ್ಟು ಕಡಿಮೆ ವೋಲ್ಟಿನಲ್ಲಿ ತಾವಾಗಿಯೇ ನಿಂತುಬಿಡುತ್ತವೆ. ಸಣ್ಣ ದನಿಯಲ್ಲಿ ಹಾಡಿ, ದೊಡ್ಡದು ಮಾಡಿದೊಡನೆ ಆರಿಹೋಗುವ ಆಂಪ್ಲಿಫೈಯರ್ ಕಂಡರೆ ಈ ಲೆಕ್ಕವನ್ನು ನೆನೆಯಬೇಕು. ಕಪ್ಪು ವೈರ್ ಕೆಂಪಿನಷ್ಟೇ ದಪ್ಪವಾಗಿದ್ದು ಒಂದೂವರೆ ಅಡಿಗಿಂತ ಉದ್ದವಾಗದಿದ್ದರೆ ಒಳ್ಳೆಯದು. ವೈರ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಲಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಷ್ಟೇ ದಪ್ಪದ ಅಪ್ಪಟ ತಾಮ್ರಕ್ಕಿಂತ ಅದರ ತಡೆ ಒಂದೂವರೆ ಪಟ್ಟಿಗೂ ಹೆಚ್ಚು.

ಮೂರನೆಯದು ರಿಮೋಟ್ ವೈರ್. ಬಾಯಿಂದ ಬಾಯಿಗೆ ಕಲಿತ ಕೆಲಸದಲ್ಲಿ ಹೆಚ್ಚು ಗೊಂದಲ ಇರುವುದು ಇದರಲ್ಲಿ. ಹೊರಗಿನಿಂದ ಕೊಂಡು ಹಾಕಿಸುವ ಸ್ಟೀರಿಯೊಗಳ ಹಿಂದೆ ಸಾಮಾನ್ಯವಾಗಿ ಎರಡು ನೀಲಿ ವೈರ್‌ಗಳಿರುತ್ತವೆ. ಬಿಳಿ ಗೆರೆಯಿರುವ ನೀಲಿ ಆಂಪ್ಲಿಫೈಯರಿಗೆ, ಬರೀ ನೀಲಿ ಮೇಲೇಳುವ ಆಂಟೆನಾಕ್ಕೆ. ಆಂಟೆನಾದ ವೈರಿಗೆ ಆಂಪ್ಲಿಫೈಯರ್ ಕಟ್ಟಿದರೆ ಕೆಲವು ಸ್ಟೀರಿಯೊಗಳಲ್ಲಿ ರೇಡಿಯೊ ಹಾಕಿದಾಗ ಮಾತ್ರ ಹೊತ್ತುತ್ತದೆ, ಪೆನ್‌ಡ್ರೈವಿಗೆ ಬದಲಿಸಿದೊಡನೆ ಆರುತ್ತದೆ; ಗಿರಾಕಿ ಪೆನ್‌ಡ್ರೈವನ್ನು ಬೈಯುತ್ತಾನೆ. ಕಂಪನಿಯಿಂದಲೇ ಬಂದ ಸ್ಟೀರಿಯೊಗಳಲ್ಲಿ ಅನೇಕವಕ್ಕೆ ಈ ವೈರೇ ಇರುವುದಿಲ್ಲ. ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಫ್ಯೂಸೊಂದರಿಂದ ಸಣ್ಣ ಫ್ಯೂಸ್ ಹಾಕಿ ತಂದುಕೊಳ್ಳಬೇಕಾಗುತ್ತದೆ. ಆ ತೊಂದರೆ ಬೇಡವೆಂದು ರಿಮೋಟನ್ನು ನೇರವಾಗಿ ಬ್ಯಾಟರಿ ಟರ್ಮಿನಲ್‌ಗೇ ಸೇರಿಸಿ ಬಿಟ್ಟುಕೊಡುವ ಅಂಗಡಿಗಳಿವೆ. ಆಗ ಆಂಪ್ಲಿಫೈಯರ್ ರಾತ್ರಿಯಿಡೀ ಎದ್ದಿದ್ದು ಬ್ಯಾಟರಿ ಹೀರುತ್ತದೆ, ಬೆಳಿಗ್ಗೆ ವಾಹನ ತಳ್ಳಬೇಕಾಗುತ್ತದೆ.

ರಿಮೋಟ್ ವೈರ್ ಮೇಲೆ ಅನುಮಾನ ಬಂದರೆ ಪರೀಕ್ಷೆ ಬಹಳ ಸರಳ. ಆಂಪ್ಲಿಫೈಯರಿನಿಂದ ನೀಲಿ ವೈರನ್ನು ಬಿಚ್ಚಿ ಬದಿಗಿಟ್ಟು, ಗೇಣುದ್ದದ ತೆಳು ವೈರಿನಿಂದ ಬ್ಯಾಟರಿ ಟರ್ಮಿನಲ್ಲನ್ನೂ ರಿಮೋಟ್ ಟರ್ಮಿನಲ್ಲನ್ನೂ ಒಂದೆರಡು ಸೆಕೆಂಡ್ ಮುಟ್ಟಿಸಬೇಕು. ಆ ತುಂಡು ವೈರ್ ಅರ್ತ್‌ಗೆ ತಗುಲದಂತೆ ಎಚ್ಚರ ಬೇಕು. ದೀಪ ಹೊತ್ತಿದರೆ ಆಂಪ್ಲಿಫೈಯರ್ ಆರೋಗ್ಯವಾಗಿದೆ, ಸ್ಟೀರಿಯೊದಿಂದ ಸೂಚನೆ ಬರುತ್ತಿಲ್ಲ ಎಂದರ್ಥ. ಮೇಲೆ ಹೇಳಿದ 21 ವ್ಯಾಟಿನ ಬಲ್ಬನ್ನು ಮಾತ್ರ ಯಾವ ಕಾರಣಕ್ಕೂ ಈ ನೀಲಿ ವೈರಿಗೆ ಹಚ್ಚಬಾರದು. ಸ್ಟೀರಿಯೊ ಈ ವೈರಿನ ಮೂಲಕ ಕೊಡಬಲ್ಲದ್ದು ಕೆಲವು ನೂರು ಮಿಲಿಆಂಪಿಯರ್ ಅಷ್ಟೇ. ಬಲ್ಬ್ ಹಚ್ಚಿದರೆ ಆಂಪ್ಲಿಫೈಯರ್ ಉಳಿಸಲು ಹೋಗಿ ಸ್ಟೀರಿಯೊ ಕಳೆದುಕೊಂಡಂತಾಗುತ್ತದೆ. ಎರಡು ಮೂರು ಆಂಪ್ಲಿಫೈಯರ್‌ಗಳ ಜೊತೆ ಫ್ಯಾನು, ಬಣ್ಣದ ದೀಪಗಳನ್ನೂ ಇದೇ ವೈರಿಗೆ ಕಟ್ಟುವವರು ನಡುವೆ ಒಂದು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡದನ್ನು ಹಾಕಿ ಆರಿಸುವ ಸ್ವಿಚ್) ಹಾಕಿಸಿಕೊಳ್ಳುವುದು ಕ್ಷೇಮ.

ಮೂರೂ ಕಡೆ ವೋಲ್ಟ್ ಸರಿಯಿದ್ದು, ಬಲ್ಬೂ ಬೆಳಗಿ, ಮೈಮೇಲಿನ ಫ್ಯೂಸೂ ಸರಿಯಿದ್ದು ಆಮೇಲೂ ದೀಪ ಹೊತ್ತದಿದ್ದರೆ ಆಂಪ್ಲಿಫೈಯರ್ ಕೆಟ್ಟಿದೆ ಎಂದು ನಾನೂ ಒಪ್ಪುತ್ತೇನೆ. ಫ್ಯೂಸ್ ಹಾಕಿದೊಡನೆ ಹೋಗುತ್ತಿದ್ದರೆ ರಿಮೋಟ್ ಬಿಚ್ಚಿ ಇನ್ನೊಂದು ಫ್ಯೂಸ್ ಹಾಕಿ ನೋಡಬಹುದು. ರಿಮೋಟ್ ಇಲ್ಲದೆಯೂ ಹೋದರೆ ಒಳಗಿನ ಪವರ್ ಸಪ್ಲೈನ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬೇಕು, ಇಲ್ಲವೇ ಯಾರೋ ಪ್ಲಸ್ ಮೈನಸ್ ಅದಲುಬದಲು ಮಾಡಿರಬೇಕು. ಈ ಹಂತದಲ್ಲೂ ಅದು ಗುಜರಿಯಲ್ಲ. ಆ ಟ್ರಾನ್ಸಿಸ್ಟರ್‌ಗಳನ್ನು ಬದಲಿಸಬಲ್ಲ ಕೈಗಳು ನಮ್ಮಲ್ಲಿವೆ, ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಹಸಿರು ದೀಪದ ಬದಲು ಕೆಂಪು ದೀಪ ಹೊತ್ತಿದರೆ ಅದು ಬೇರೆಯೇ ರೋಗ. ಆಂಪ್ಲಿಫೈಯರ್ ಎದ್ದಿದೆ, ಯಾವುದೋ ಅಪಾಯ ಕಂಡು ತನ್ನನ್ನು ತಾನೇ ತಡೆದುಕೊಂಡಿದೆ. ಸ್ಪೀಕರ್ ವೈರ್‌ಗಳನ್ನೆಲ್ಲ ಬಿಚ್ಚಿದಾಗ ಹಸಿರಾದರೆ ಬಾಗಿಲಿನ ಕೀಲಿನ ಬಳಿ ವೈರ್ ಜಜ್ಜಿ ಬಾಡಿಗೆ ತಗುಲಿದೆಯೇ ಎಂದು ನೋಡಬೇಕು. ನೆಲಹಾಸಿನಡಿ ಹುದುಗಿಸಿಟ್ಟ ಆಂಪ್ಲಿಫೈಯರ್ ಏಪ್ರಿಲ್ ಬಿಸಿಲಿಗೆ ಕಾದು ನಿಲ್ಲುವುದೂ ಇದೇ ಗುಂಪಿಗೆ ಸೇರುತ್ತದೆ.

ದೊಡ್ಡ ಲಾರಿಗಳವರಿಗೆ ಪ್ರತ್ಯೇಕವಾಗಿ ಒಂದು ಮಾತು. ಅವುಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಕಾರಿನ ಆಂಪ್ಲಿಫೈಯರನ್ನು ಅದಕ್ಕೆ ನೇರವಾಗಿ ಕಟ್ಟಿದರೆ ಸುಟ್ಟೇಹೋಗಬಹುದು. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದುಕೊಂಡರೆ ಎರಡು ಬ್ಯಾಟರಿಗಳ ಚಾರ್ಜು ಏರುಪೇರಾಗಿ ಎರಡೂ ಬೇಗ ಕೆಡುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸುವುದೊಂದೇ ಸರಿಯಾದ ದಾರಿ.

ಇಷ್ಟೆಲ್ಲ ಹೇಳಿದ ಮೇಲೆ ಜಿಲ್ಲೆಯ ಕಾರ್ ಆಡಿಯೊ ಅಂಗಡಿಗಳವರಲ್ಲಿ ನನ್ನ ವಿನಂತಿ ಸಣ್ಣದು. ನೀವು ಇಡೀ ದಿನ ಬಿಸಿಲಿನಲ್ಲಿ, ಸೀಟಿನಡಿ ತಲೆ ತುರುಕಿ ಮಾಡುವ ಕೆಲಸ ಸುಲಭದ್ದಲ್ಲ, ಪರೀಕ್ಷೆ ಮಾಡಿದ್ದಕ್ಕೆ ಗಿರಾಕಿಗಳು ಕಾಸು ಕೊಡುವುದಿಲ್ಲ ಎಂಬ ನಿಮ್ಮ ದೂರಿನಲ್ಲೂ ಹುರುಳಿದೆ. ಹಾಗಿದ್ದರೆ ಪರೀಕ್ಷೆಗೇ ಇಷ್ಟು ಎಂದು ದರ ಬರೆದು ಬೋರ್ಡ್ ಹಾಕಿ, ಕೊಡುವವರು ಕೊಡುತ್ತಾರೆ. ಆದರೆ ‘ಹೊಸದು ಹಾಕಿಸಿ’ ಎನ್ನುವ ಮುನ್ನ ಬ್ಯಾಟರಿ ಟರ್ಮಿನಲ್, ರಿಮೋಟ್, ಅರ್ತ್ ಈ ಮೂರರ ಅಳತೆಯನ್ನು ಬಲ್ಬ್ ಹಚ್ಚಿದ ಸ್ಥಿತಿಯಲ್ಲೂ ನೋಡಿ (ರಿಮೋಟಿಗೆ ಬಲ್ಬ್ ಬೇಡ), ಬಿಲ್ಲಿನ ಹಿಂದೆ ಬರೆದುಕೊಡಿ, ಬಿಚ್ಚಿದ ಹಳೆಯ ಆಂಪ್ಲಿಫೈಯರನ್ನು ಗಿರಾಕಿಗೆ ವಾಪಸ್ ಕೊಡಿ. ಗಿರಾಕಿಗಳೂ ಅದನ್ನು ಕೇಳಿ ಪಡೆಯಬೇಕು. ಹಣ ಕೊಟ್ಟು ಪಡೆಯುವ ರಿಪೇರಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯೇ ಆಗಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಪಿಕಪ್ ಇಟ್ಟುಕೊಂಡ ಚಾಲಕನನ್ನೂ ಆ ಕಾಯ್ದೆ ಗ್ರಾಹಕನೆಂದೇ ಪರಿಗಣಿಸುತ್ತದೆ. ಮೂರು ಅಂಕಿಗಳನ್ನು ಬರೆದ ಒಂದು ಚೀಟಿ ಕೈಯಲ್ಲಿದ್ದರೆ ವಿವಾದ ಅಲ್ಲಿಯವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ, ಮತ್ತು ಮುಂದೆ ಅದೇ ವಾಹನವನ್ನು ಬೇರೊಬ್ಬ ಮೆಕ್ಯಾನಿಕ್ ನೋಡುವಾಗ ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ತಿಳಿಯುತ್ತದೆ.

ಇಂತಿ,
ನಿವೃತ್ತ ಐಟಿಐ ಬೋಧಕ,
ಕೋಲಾರ